ಅಲೆ ಹಿಡಿಯುವ ಹಕ್ಕು: ಟಿವಿ ಕಾರ್ಡ್ ನಡೆದುಬಂದ ದಾರಿ

2005ರ ಮೇ 6ರಂದು ವಾಷಿಂಗ್ಟನ್‌ನ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಮೂವರು ನ್ಯಾಯಾಧೀಶರು ಒಂದು ಸರ್ಕಾರಿ ನಿಯಮವನ್ನು ಒಮ್ಮತದಿಂದ ತಳ್ಳಿಹಾಕಿದರು. ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ ರೂಪಿಸಿದ್ದ ಆ ನಿಯಮ ಇನ್ನೆಂಟು ವಾರಗಳಲ್ಲಿ, ಜುಲೈ 1ಕ್ಕೆ, ಜಾರಿಗೆ ಬರುವುದರಲ್ಲಿತ್ತು. ಬಂದಿದ್ದರೆ, ಡಿಜಿಟಲ್ ಟಿವಿ ಸಿಗ್ನಲ್ ಹಿಡಿಯುವ ಪ್ರತಿ ಯಂತ್ರವೂ ಕಾರ್ಯಕ್ರಮದೊಳಗೆ ಅಡಗಿಸಿಟ್ಟ ಒಂದು ಗುರುತನ್ನು ಓದಿ, ಪ್ರತಿ ಮಾಡಲು ಎಷ್ಟರಮಟ್ಟಿಗೆ ಬಿಡಬಹುದೆಂದು ತಾನೇ ತೀರ್ಮಾನಿಸಬೇಕಾಗುತ್ತಿತ್ತು. ಕಂಪ್ಯೂಟರಿನೊಳಗೆ ಕೂರುವ ಅಂಗೈ ಅಗಲದ ಟಿವಿ ಟ್ಯೂನರ್ ಕಾರ್ಡುಗಳಿಗೆ ಅದರ ಏಟು ನೇರವಾಗಿ ತಗಲುತ್ತಿತ್ತು. ಸಿಗ್ನಲ್ ಮನೆಗೆ ಬಂದು ಮುಟ್ಟಿದ ಮೇಲೆ ಅದನ್ನು ಪಡೆದ ಯಂತ್ರ ಹೇಗಿರಬೇಕೆಂದು ಹೇಳುವ ಅಧಿಕಾರವನ್ನು ಸಂಸತ್ತು ಎಫ್‌ಸಿಸಿಗೆ ಕೊಟ್ಟಿಲ್ಲ ಎಂಬುದು ನ್ಯಾಯಾಲಯದ ನಿಲುವು.

ಈ ಕಾರ್ಡುಗಳು ಹುಟ್ಟಿದ್ದು ಬೇರೆ ಊರುಗಳಲ್ಲಿ. ವಿನ್‌ಟಿವಿ ಕಾರ್ಡಿನ ಹಾಪಾಗ್ ಕಂಪನಿ ನ್ಯೂಯಾರ್ಕ್ ರಾಜ್ಯದ್ದು, ಆಲ್-ಇನ್-ವಂಡರ್ ಮಾಡಿದ ಎಟಿಐ ಕೆನಡಾದ್ದು, ಅಗ್ಗದ ಕಾರ್ಡುಗಳನ್ನೆಲ್ಲ ಸಾಧ್ಯವಾಗಿಸಿದ ಚಿಪ್ಪಿನ ಬ್ರೂಕ್‌ಟ್ರೀ ಕಂಪನಿ ಕ್ಯಾಲಿಫೋರ್ನಿಯಾದ್ದು. ಆದರೆ ಅವುಗಳ ಹಣೆಬರಹ ಬರೆದದ್ದು ಅಮೆರಿಕದ ಆಗ್ನೇಯ ಭಾಗ. ಕಾನೂನು ವಾಷಿಂಗ್ಟನ್ನಿನಿಂದ ಬಂತು, ಡಿಜಿಟಲ್ ಸಿಗ್ನಲ್ಲಿನ ಪರೀಕ್ಷೆ ನಾರ್ತ್ ಕ್ಯಾರೊಲಿನಾದಲ್ಲಿ ನಡೆಯಿತು, ಕೇಬಲ್ಲೂ ಅದರ ಬೀಗ ಹಾಕಿದ ಪೆಟ್ಟಿಗೆಯೂ ಅಟ್ಲಾಂಟಾದಲ್ಲಿ ಬೆಳೆದವು. ನೋಡುಗರ ಕೈಯಲ್ಲಿ ಎಷ್ಟು ಸ್ವಾತಂತ್ರ್ಯ ಉಳಿಯಬೇಕೆಂಬ ಜಗ್ಗಾಟ ಈ ಮೂರೂ ಕಡೆ ನಡೆದಿದೆ.

ಟಿವಿಯನ್ನು ಸ್ವಂತ ಕೈಯಿಂದ ಹಿಡಿಯುವ ಹವ್ಯಾಸ ವಾಷಿಂಗ್ಟನ್ ಪ್ರದೇಶಕ್ಕೆ ಹಳೆಯದು. ಚಾರ್ಲ್ಸ್ ಫ್ರಾನ್ಸಿಸ್ ಜೆಂಕಿನ್ಸ್ ಎಂಬ ಸಂಶೋಧಕ 1928ರ ಜುಲೈನಲ್ಲಿ ಡಬ್ಲ್ಯು3ಎಕ್ಸ್‌ಕೆ ಎಂಬ ಕೇಂದ್ರದಿಂದ ನಿಯಮಿತವಾಗಿ ಚಿತ್ರ ಪ್ರಸಾರ ಶುರುಮಾಡಿದರು. ಮೊದಮೊದಲು ಮೂಡುತ್ತಿದ್ದದ್ದು ಬರೀ ನೆರಳಾಕೃತಿಗಳು. ಅದನ್ನು ನೋಡಲು ಅಂಗಡಿಯಲ್ಲಿ ಸೆಟ್ ಸುಲಭವಾಗಿ ಸಿಗುತ್ತಿರಲಿಲ್ಲ. ರೇಡಿಯೊ ಹವ್ಯಾಸಿಗಳು ತಿರುಗುವ ತಟ್ಟೆ, ಮೋಟರು, ನಿಯಾನ್ ದೀಪ ಜೋಡಿಸಿಕೊಂಡು ತಾವೇ ಗ್ರಾಹಕ ಯಂತ್ರ ಕಟ್ಟಿಕೊಳ್ಳುತ್ತಿದ್ದರು.

ಹಿಡಿದದ್ದನ್ನು ಉಳಿಸಿಕೊಳ್ಳುವ ಪ್ರಶ್ನೆ ಬಂದದ್ದು ವಿಸಿಆರ್ ಕಾಲದಲ್ಲಿ. ಸೋನಿಯ ಬೀಟಾಮ್ಯಾಕ್ಸ್ ವಿರುದ್ಧ ಯೂನಿವರ್ಸಲ್ ಸ್ಟುಡಿಯೊ ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1984ರ ಜನವರಿ 17ರಂದು ಐದಕ್ಕೆ ನಾಲ್ಕು ಮತಗಳ ಅಂತರದಲ್ಲಿ ತೀರ್ಪು ಬಂತು: ಟಿವಿ ಕಾರ್ಯಕ್ರಮವನ್ನು ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡು ಬಿಡುವಾದಾಗ ನೋಡುವುದು ನ್ಯಾಯವಾದ ಬಳಕೆ. ಒಂದು ಮತ ಆಚೆಗೆ ವಾಲಿದ್ದರೆ ಮುಂದಿನ ರೆಕಾರ್ಡಿಂಗ್ ಯಂತ್ರಗಳ ಚರಿತ್ರೆಯೇ ಬೇರೆಯಾಗುತ್ತಿತ್ತು.

ಅಷ್ಟರಲ್ಲಿ ಅಟ್ಲಾಂಟಾ ಟಿವಿಯ ಭೂಪಟವನ್ನು ಬದಲಿಸಿತ್ತು. 1970ರಲ್ಲಿ ಟೆಡ್ ಟರ್ನರ್ ಕೊಂಡ 17ನೇ ಚಾನೆಲ್ ಸೊರಗಿದ ಸ್ಥಳೀಯ ಕೇಂದ್ರವಾಗಿತ್ತು. 1976ರ ಡಿಸೆಂಬರ್ 17ರಂದು ಅದು ಉಪಗ್ರಹವೇರಿ ದೇಶದ ಕೇಬಲ್ ಮನೆಗಳನ್ನು ತಲುಪತೊಡಗಿತು. 1980ರ ಜೂನ್ 1ರಂದು ಸಿಎನ್‌ಎನ್, 1982ರ ಮೇ 2ರಂದು ವೆದರ್ ಚಾನೆಲ್ ಅದೇ ಊರಿನಿಂದ ಹೊರಟವು. 1951ರಲ್ಲಿ ಸ್ಥಾಪನೆಯಾದ ಸೈಂಟಿಫಿಕ್-ಅಟ್ಲಾಂಟಾ ಕಂಪನಿ ಕೇಬಲ್ ಸಂಸ್ಥೆಗಳಿಗೆ ಡಿಶ್ ಮಾಡಿಕೊಟ್ಟಿತು, ಆಮೇಲೆ ಮನೆಗಳಿಗೆ ಸೆಟ್‌ಟಾಪ್ ಬಾಕ್ಸ್ ಕೊಟ್ಟಿತು. ಟಿವಿ ಕಾರ್ಡ್ ಇಟ್ಟುಕೊಂಡವರು ಮುಂದೆ ಬಹಳ ವರ್ಷ ಸೆಣಸಿದ್ದು ಇಂಥ ಪೆಟ್ಟಿಗೆಗಳ ಜೊತೆ.

1990ರ ದಶಕದ ನಡುವಿನಲ್ಲಿ ಪಿಸಿಗಳಿಗೆ ಪಿಸಿಐ ಸ್ಲಾಟ್ ಬಂತು. ಸೆಕೆಂಡಿಗೆ 133 ಮೆಗಾಬೈಟ್‌ವರೆಗೆ ದತ್ತಾಂಶ ಸಾಗಿಸಬಲ್ಲ ದಾರಿ ಅದು. ಬ್ರೂಕ್‌ಟ್ರೀಯ ಬಿಟಿ848, ಅದರ ಹಿಂದೆಯೇ ಬಂದ ಬಿಟಿ878 ಚಿಪ್ಪುಗಳು ಅನಲಾಗ್ ಚಿತ್ರವನ್ನು ಅಂಕಿಗಳಾಗಿಸಿ ನೇರವಾಗಿ ಕಂಪ್ಯೂಟರಿನ ಮೆಮೊರಿಗೆ ತುಂಬುತ್ತಿದ್ದವು. ಒಂದೇ ಚಿಪ್ಪು ಇಷ್ಟೆಲ್ಲ ಮಾಡಿದ್ದರಿಂದ ಕಾರ್ಡಿನ ಬೆಲೆ ಸಾಮಾನ್ಯ ಮನೆಗೆ ಎಟುಕಿತು.

ಆದರೂ ಕೂರಿಸುವ ಕೆಲಸಕ್ಕೆ ತಾಳ್ಮೆ ಬೇಕಿತ್ತು. ಪೆಟ್ಟಿಗೆ ಬಿಚ್ಚಿ, ಖಾಲಿ ಸ್ಲಾಟ್ ನೋಡಿ, ಕಾರ್ಡನ್ನು ಒತ್ತಿ ಸ್ಕ್ರೂ ಬಿಗಿಯಬೇಕು. ಹಿಂಬದಿಯ ತಿರುಪಿಗೆ ಆಂಟೆನಾದ ಅಥವಾ ಕೇಬಲ್ಲಿನ ತಂತಿ ಸಿಕ್ಕಿಸಬೇಕು. ಅನೇಕ ಕಾರ್ಡುಗಳು ಧ್ವನಿಯನ್ನು ಕಂಪ್ಯೂಟರಿಗೆ ತಾವೇ ಒಪ್ಪಿಸುತ್ತಿರಲಿಲ್ಲ. ಒಂದು ಗಿಡ್ಡ ತಂತಿಯನ್ನು ಸೌಂಡ್ ಕಾರ್ಡಿನ ಲೈನ್-ಇನ್‌ಗೆ ಹಾಕಬೇಕಿತ್ತು. ಚಿತ್ರ ಬಂದು ಸದ್ದು ಬಾರದಿದ್ದರೆ ಮೊದಲು ನೋಡಬೇಕಾದದ್ದು ಆ ತಂತಿಯನ್ನೇ, ಆಮೇಲೆ ಮಿಕ್ಸರಿನಲ್ಲಿ ಲೈನ್-ಇನ್ ಮ್ಯೂಟ್ ಆಗಿದೆಯೇ ಎಂಬುದನ್ನು. ಚಾನೆಲ್ ಹುಡುಕುವಾಗ ಆಂಟೆನಾ ಅಥವಾ ಕೇಬಲ್ ಎಂದು ಸರಿಯಾಗಿ ಆರಿಸಬೇಕು, ಏಕೆಂದರೆ 14ರಿಂದಾಚೆಯ ಚಾನೆಲ್ ಸಂಖ್ಯೆಗಳು ಎರಡರಲ್ಲೂ ಬೇರೆ ಬೇರೆ ತರಂಗಾಂತರಗಳಲ್ಲಿವೆ. ಇಲ್ಲಿ ತಪ್ಪಿದರೆ ಕಾರ್ಡ್ ಚೆನ್ನಾಗಿದ್ದರೂ ಪರದೆಯ ತುಂಬ ಚುಕ್ಕಿ.

ನೋಡುವುದಕ್ಕಿಂತ ಕಷ್ಟದ್ದು ಉಳಿಸುವುದು. 640×480 ಅಳತೆಯ ಚಿತ್ರವನ್ನು ಕುಗ್ಗಿಸದೆ ಸೆಕೆಂಡಿಗೆ 30 ಚೌಕಟ್ಟಿನಂತೆ ಬರೆದರೆ ಸೆಕೆಂಡಿಗೆ 18 ಮೆಗಾಬೈಟ್ ಮೀರುತ್ತದೆ, ಒಂದು ಗಂಟೆಗೆ ಸುಮಾರು 66 ಗಿಗಾಬೈಟ್. ಆಗಿನ ಹಾರ್ಡ್ ಡಿಸ್ಕುಗಳಲ್ಲಿ ಕೆಲವೇ ಗಿಗಾಬೈಟ್ ಜಾಗ. ವಿಂಡೋಸ್ 98ರ ಫೈಲ್ ವ್ಯವಸ್ಥೆ 4 ಗಿಗಾಬೈಟಿಗಿಂತ ದೊಡ್ಡ ಫೈಲನ್ನು ಒಪ್ಪುತ್ತಿರಲಿಲ್ಲ. ಪ್ರೊಸೆಸರ್ ಚಿತ್ರವನ್ನು ಕುಗ್ಗಿಸುತ್ತಲೇ ಬರೆಯಬೇಕಿತ್ತು. ಅದು ಹಿಂದೆ ಬಿದ್ದರೆ ಚೌಕಟ್ಟುಗಳು ಕಳೆದುಹೋಗಿ ತುಟಿಗೂ ಮಾತಿಗೂ ತಾಳ ತಪ್ಪುತ್ತಿತ್ತು. ಕಾರ್ಡಿನ ಮೇಲೆಯೇ ಎಂಪೆಗ್-2 ಚಿಪ್ಪನ್ನಿಟ್ಟ ಹಾಪಾಗ್‌ನ ಪಿವಿಆರ್-250ಯಂಥ ಕಾರ್ಡುಗಳು ಬಂದ ಮೇಲೆ ಈ ತೊಂದರೆ ನೀಗಿತು. ಸೆಕೆಂಡಿಗೆ 6 ಮೆಗಾಬಿಟ್‌ನಂತೆ ಬರೆದರೆ ಗಂಟೆಗೆ 2.7 ಗಿಗಾಬೈಟ್ ಸಾಕಾಯಿತು.

ಅನಲಾಗ್ ಕಾರ್ಡುಗಳು ಹೀಗೆ ಮಾಗುತ್ತಿದ್ದಾಗಲೇ ಮುಂದಿನ ಸಿಗ್ನಲ್ ಸಿದ್ಧವಾಗಿತ್ತು. ಪೊಟೊಮ್ಯಾಕ್ ನದಿಯಾಚೆಯ ಅಲೆಕ್ಸಾಂಡ್ರಿಯಾದ ಪ್ರಯೋಗಾಲಯದಲ್ಲಿ 1991ರಿಂದ ಪೈಪೋಟಿಯ ಎಚ್‌ಡಿಟಿವಿ ವ್ಯವಸ್ಥೆಗಳನ್ನು ಅಳೆದು ನೋಡಿದರು. ಪ್ರಯೋಗಾಲಯ ದಾಟಿ ನಿಜವಾದ ಬೆಟ್ಟ, ಮರ, ಕಟ್ಟಡಗಳ ನಡುವಿನ ಪರೀಕ್ಷೆಗೆ ಆರಿಸಿದ ಊರು ನಾರ್ತ್ ಕ್ಯಾರೊಲಿನಾದ ಶಾರ್ಲಟ್. 1994 ಮತ್ತು 1995ರಲ್ಲಿ ಅಲ್ಲಿ ನಡೆದ ಪರೀಕ್ಷೆಗಳ ಬಲದ ಮೇಲೆ 1996ರ ಡಿಸೆಂಬರಿನಲ್ಲಿ ಎಫ್‌ಸಿಸಿ ಡಿಜಿಟಲ್ ಮಾನದಂಡವನ್ನು ಅಂಗೀಕರಿಸಿತು.

ಅದಕ್ಕೂ ಮೊದಲೇ ಅದೇ ರಾಜ್ಯದ ರಾಲಿಯ ಡಬ್ಲ್ಯುಆರ್‌ಎಎಲ್ ಕೇಂದ್ರ ಧುಮುಕಿಯಾಗಿತ್ತು. 1996ರ ಜುಲೈ 23ರಂದು ಪ್ರಾಯೋಗಿಕ ಪರವಾನಗಿಯೊಂದಿಗೆ 32ನೇ ಚಾನೆಲಿನಲ್ಲಿ ಅದು ಎಚ್‌ಡಿ ಪ್ರಸಾರ ಆರಂಭಿಸಿತು. ಅದನ್ನು ಹಿಡಿಯುವ ಸೆಟ್ ಜನರ ಮನೆಗಳಲ್ಲಿ ಇನ್ನೂ ಇರಲಿಲ್ಲ. ಕೆಲವು ವರ್ಷಗಳ ಬಳಿಕ ಅದೇ ರಾಲಿ ಪ್ರದೇಶದ ಆಕ್ಸೆಸ್‌ಡಿಟಿವಿ ಎಂಬ ಸಣ್ಣ ಕಂಪನಿ ಪಿಸಿಗೆ ಹಾಕುವ ಡಿಜಿಟಲ್ ಕಾರ್ಡನ್ನು ಮಾರಿತು. ದುಬಾರಿ ಎಚ್‌ಡಿ ಸೆಟ್ ಕೊಳ್ಳಲಾರದವರು ಕಂಪ್ಯೂಟರಿನ ಪರದೆಯಲ್ಲೇ ಎಚ್‌ಡಿ ನೋಡಲು ಇಂಥ ಕಾರ್ಡುಗಳಿಂದ ಸಾಧ್ಯವಾಯಿತು.

ಡಿಜಿಟಲ್ ಕಾರ್ಡಿನ ಕೆಲಸ ಹಳೆಯದಕ್ಕಿಂತ ಹಗುರ. ಕೇಂದ್ರವೇ ಚಿತ್ರವನ್ನು ಎಂಪೆಗ್-2ಗೆ ಕುಗ್ಗಿಸಿ 6 ಮೆಗಾಹರ್ಟ್ಸ್ ಚಾನೆಲಿನಲ್ಲಿ ಸೆಕೆಂಡಿಗೆ 19.39 ಮೆಗಾಬಿಟ್ ಕಳಿಸುತ್ತದೆ; ಕಾರ್ಡ್ ಅದನ್ನು ಹಾಗೆಯೇ ಡಿಸ್ಕಿಗೆ ಇಳಿಸಿದರಾಯಿತು. ಗಂಟೆಗೆ ಹೆಚ್ಚೆಂದರೆ 8.7 ಗಿಗಾಬೈಟ್, ಗುಣಮಟ್ಟದಲ್ಲಿ ಎಳ್ಳಷ್ಟೂ ನಷ್ಟವಿಲ್ಲ. ಸಿನಿಮಾ ಸ್ಟುಡಿಯೊಗಳನ್ನು ಅಳುಕಿಸಿದ್ದೂ ಇದೇ ಸಂಗತಿ. ಹಾಗಾಗಿಯೇ 2003ರ ನವೆಂಬರಿನಲ್ಲಿ ಎಫ್‌ಸಿಸಿ, ಆರಂಭದಲ್ಲಿ ಹೇಳಿದ, ಪ್ರಸಾರ ಗುರುತಿನ ನಿಯಮ ತಂದಿತು. ಲಿನಕ್ಸ್ ಬಳಸುವವರಿಗಾಗಿ ಪಿಸಿಎಚ್‌ಡಿಟಿವಿ ಕಂಪನಿ ಮಾಡುತ್ತಿದ್ದ ಎಚ್‌ಡಿ-3000ದಂಥ ಕಾರ್ಡುಗಳನ್ನು ಗಡುವಿಗೆ ಮುಂಚೆ ಕೊಂಡಿಟ್ಟುಕೊಳ್ಳಿರೆಂದು ಡಿಜಿಟಲ್ ಹಕ್ಕುಗಳ ಸಂಘಟನೆಗಳು ಕರೆಕೊಟ್ಟವು. ನ್ಯಾಯಾಲಯಕ್ಕೆ ಹೋದವರ ಮುಂಚೂಣಿಯಲ್ಲಿದ್ದದ್ದು ಅಮೆರಿಕದ ಗ್ರಂಥಾಲಯ ಸಂಘ. ಪಾಠಕ್ಕೆ, ಅಧ್ಯಯನಕ್ಕೆ ಪ್ರಸಾರದ ತುಣುಕುಗಳು ಬೇಕಾದವರ ದನಿಯಾಗಿ ಗ್ರಂಥಪಾಲಕರು ನಿಂತರು, ಗೆದ್ದರು.

ಕೇಬಲ್ ಮನೆಗಳಲ್ಲಿ ಗೆಲುವು ಇಷ್ಟು ನಿಚ್ಚಳವಾಗಿರಲಿಲ್ಲ. ಕಾರ್ಡನ್ನು 3ನೇ ಚಾನೆಲಿಗೆ ನಿಲ್ಲಿಸಿ, ಸೆಟ್‌ಟಾಪ್ ಪೆಟ್ಟಿಗೆಯ ಕಣ್ಣಿನ ಮುಂದೆ ಪುಟ್ಟ ಇನ್‌ಫ್ರಾರೆಡ್ ದೀಪವೊಂದನ್ನು ಅಂಟಿಸಿ, ಕಂಪ್ಯೂಟರಿನಿಂದಲೇ ಪೆಟ್ಟಿಗೆಯ ಚಾನೆಲ್ ಬದಲಿಸುವುದು ಆ ದಿನಗಳ ಉಪಾಯ. ಗ್ರಾಹಕರು ತಮಗಿಷ್ಟವಾದ ಯಂತ್ರ ಕೊಂಡು ಬಳಸುವಂತಿರಬೇಕೆಂದು 1996ರ ದೂರಸಂಪರ್ಕ ಕಾಯ್ದೆಯೇ ಹೇಳಿತ್ತು. ಅದರಿಂದ ಹುಟ್ಟಿದ ಕೊಂಡ ಯಂತ್ರದಲ್ಲೂ ಕೇಬಲ್ಲಿನ ಬೀಗ ತೆಗೆಯುವ ಕೇಬಲ್‌ಕಾರ್ಡ್ ವ್ಯವಸ್ಥೆಯನ್ನು ಕೇಬಲ್ ಕಂಪನಿಗಳು ತಮ್ಮ ಪೆಟ್ಟಿಗೆಗಳಲ್ಲೂ ಬಳಸಬೇಕೆಂಬ ನಿಯಮ ಜಾರಿಯಾದದ್ದು 2007ರ ಜುಲೈ 1ರಂದು. 2010ರಲ್ಲಿ ಬಂದ ಸೀಟನ್ ಇನ್ಫಿನಿಟಿವಿ ಒಮ್ಮೆಗೆ ನಾಲ್ಕು ಕೇಬಲ್ ಚಾನೆಲ್ ಹಿಡಿಯುತ್ತಿತ್ತು. ಆದರೆ ಒಮ್ಮೆ ಮಾತ್ರ ಪ್ರತಿ ಮಾಡಬಹುದೆಂಬ ಮುದ್ರೆ ಹೊತ್ತ ಕಾರ್ಯಕ್ರಮ ರೆಕಾರ್ಡ್ ಮಾಡಿದ ಕಂಪ್ಯೂಟರಿನ ವಿಂಡೋಸ್ ಮೀಡಿಯಾ ಸೆಂಟರಿಗೆ ಕಟ್ಟುಬೀಳುತ್ತಿತ್ತು. 2015ರ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರನ್ನೇ ಕೈಬಿಟ್ಟರು.

ಅನಲಾಗ್ ಪ್ರಸಾರ ಮೊದಲು ನಿಂತದ್ದು ಮತ್ತೆ ನಾರ್ತ್ ಕ್ಯಾರೊಲಿನಾದಲ್ಲೇ. ದೇಶಕ್ಕೆಲ್ಲ ಮುನ್ನುಡಿಯಾಗಿ 2008ರ ಸೆಪ್ಟೆಂಬರ್ 8ರ ಮಧ್ಯಾಹ್ನ ಹನ್ನೆರಡಕ್ಕೆ ಕರಾವಳಿಯ ವಿಲ್ಮಿಂಗ್ಟನ್‌ನ ವಾಣಿಜ್ಯ ಕೇಂದ್ರಗಳು ಹಳೆಯ ಪ್ರಸಾರ ನಿಲ್ಲಿಸಿದವು. ಅಲ್ಲಿನ ಡಬ್ಲ್ಯುಇಸಿಟಿ ಕೇಂದ್ರದ ಡಿಜಿಟಲ್ ಗೋಪುರ ಹಳೆಯದಿದ್ದ ಜಾಗದಲ್ಲಿರಲಿಲ್ಲ. ಹಾಗಾಗಿ ದಶಕಗಳಿಂದ ಆ ಚಾನೆಲ್ ನೋಡುತ್ತಿದ್ದ ದೂರದ ಕೆಲವು ಮನೆಗಳಿಗೆ ಅದು ಸಿಗದಾಯಿತು. ದೇಶದ ಉಳಿದೆಡೆ ಕೊನೆಯ ಗಡುವು 2009ರ ಜೂನ್ 12. ವಾಷಿಂಗ್ಟನ್ನಿನಲ್ಲಿ ಡಬ್ಲ್ಯುಜೆಎಲ್‌ಎ ಮತ್ತು ಡಬ್ಲ್ಯುಯುಎಸ್‌ಎ ಕೇಂದ್ರಗಳು ತಮ್ಮ ಹಳೆಯ 7 ಮತ್ತು 9ನೇ ವಿಎಚ್‌ಎಫ್ ಚಾನೆಲುಗಳಿಗೆ ಮರಳಿದವು. ಯುಎಚ್‌ಎಫ್ ಆಂಟೆನಾ ಮಾತ್ರ ಇದ್ದವರ ಕಾರ್ಡುಗಳಲ್ಲಿ ಅವೆರಡು ಮಾಯವಾದವು. ಚಾನೆಲ್ ಪಟ್ಟಿಯನ್ನು ಮತ್ತೆ ಹುಡುಕಿಸಿ, ಉದ್ದ ಕಡ್ಡಿಗಳ ಆಂಟೆನಾ ತಂದಿಟ್ಟ ಮೇಲೆಯೇ ಸಿಕ್ಕವು.

ಹಳೆಯ ಬಿಟಿ878 ಕಾರ್ಡುಗಳ ಟ್ಯೂನರ್ ಅಂದಿಗೆ ಬಹುಮಟ್ಟಿಗೆ ನಿಷ್ಪ್ರಯೋಜಕವಾಯಿತು. ಅವುಗಳ ಹಳದಿ ಕಾಂಪೊಸಿಟ್ ಕಿಂಡಿ ಮಾತ್ರ ಕೆಲಸಕ್ಕೆ ಉಳಿಯಿತು, ಅದರ ಬೆಲೆ ಚೆನ್ನಾಗಿ ತಿಳಿದದ್ದು ವಲಸೆ ಬಂದ ಕುಟುಂಬಗಳಿಗೆ. ವಾಷಿಂಗ್ಟನ್ ಸುತ್ತಿನ ಕಾವೇರಿ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟಗಳ ಊರುಗಳಲ್ಲಿ ನೆಲೆಸಿದ ಕನ್ನಡಿಗರ ಕಪಾಟುಗಳಲ್ಲಿ ಎರಡು ಬಗೆಯ ಕ್ಯಾಸೆಟ್ ಸೇರಿಕೊಳ್ಳುವುದು ಸಹಜವಾಗಿತ್ತು. ಇಲ್ಲಿನ ಕ್ಯಾಮ್‌ಕಾರ್ಡರಿನಲ್ಲಿ ಹಿಡಿದ ಯುಗಾದಿ, ರಾಜ್ಯೋತ್ಸವದ ಟೇಪುಗಳು ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯವು, 525 ಗೆರೆ, ಸೆಕೆಂಡಿಗೆ ಸುಮಾರು 30 ಚೌಕಟ್ಟು. ಊರಿನಿಂದ ತಂದ ಮದುವೆ, ಉಪನಯನ, ಅಜ್ಜ ಅಜ್ಜಿಯರ ಷಷ್ಟ್ಯಬ್ದಿಯ ಕ್ಯಾಸೆಟ್ಟುಗಳು ಭಾರತದ ಪಾಲ್ ಪದ್ಧತಿಯವು, 625 ಗೆರೆ, 25 ಚೌಕಟ್ಟು. ಅಮೆರಿಕದ ಸಾಧಾರಣ ವಿಸಿಆರಿನಲ್ಲಿ ಇವು ನೆಟ್ಟಗೆ ಓಡುತ್ತಿರಲಿಲ್ಲ.

ಬಿಟಿ878 ಚಿಪ್ಪಿಗೆ ಎರಡೂ ಪದ್ಧತಿ ಗೊತ್ತಿತ್ತು. ಪಾಲ್ ಓಡಿಸಬಲ್ಲ ಮಲ್ಟಿ-ಸಿಸ್ಟಮ್ ವಿಸಿಆರ್ ಒಂದನ್ನು ಹೊಂದಿಸಿ, ಹಳದಿ ತಂತಿಯನ್ನು ಕಾರ್ಡಿಗೆ, ಕೆಂಪು ಬಿಳಿ ತಂತಿಗಳನ್ನು ಸೌಂಡ್ ಕಾರ್ಡಿಗೆ ಸಿಕ್ಕಿಸಿ, ಸಾಫ್ಟ್‌ವೇರಿನಲ್ಲಿ ಪಾಲ್ ಎಂದು ಆರಿಸಿದರೆ ಕ್ಯಾಸೆಟ್ಟಿನ ಮದುವೆ ಡಿಸ್ಕಿಗೆ ಇಳಿಯುತ್ತಿತ್ತು. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಅವಸರಕ್ಕೆ ಅವಕಾಶವಿಲ್ಲ. ಕಾಂತದ ಲೇಪ ವರ್ಷ ಕಳೆದಂತೆ ಸಡಿಲಾಗುತ್ತದೆ, ಬೂಷ್ಟು ಹಿಡಿಯುತ್ತದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ತೀರಿಹೋದ ಹಿರಿಯರ ದನಿಯಿರುವ ಟೇಪನ್ನು ಇನ್ನೂ ಡಿಸ್ಕಿಗೆ ಇಳಿಸದವರಿಗೆ ಈ ಹಳೆಯ ಕಾರ್ಡುಗಳ ವಿದ್ಯೆ ಇಂದಿಗೂ ಬೇಕಾದದ್ದೇ.

ಟ್ಯೂನರ್ ಈಗ ಪಿಸಿಯ ಒಳಗಿನಿಂದ ಹೊರಬಂದು ಎಚ್‌ಡಿಹೋಮ್‌ರನ್‌ನಂಥ ನೆಟ್‌ವರ್ಕ್ ಪೆಟ್ಟಿಗೆಯಾಗಿದೆ. ಸಿಗ್ನಲ್ಲೂ ಮತ್ತೆ ಬದಲಾಗುತ್ತಿದೆ. ಎಟಿಎಸ್‌ಸಿ 3.0 ಎಂಬ ಹೊಸ ಮಾನದಂಡವನ್ನು 2016ರಲ್ಲೇ ಪ್ರಸಾರಕ್ಕಿಳಿಸಿದ ಮೊದಲಿಗರಲ್ಲಿ ರಾಲಿಯ ಡಬ್ಲ್ಯುಆರ್‌ಎಎಲ್ ಇದೆ. 2017ರ ನವೆಂಬರಿನಲ್ಲಿ ಎಫ್‌ಸಿಸಿ ಇದಕ್ಕೆ ಅನುಮತಿ ಕೊಟ್ಟಾಗ, ಹಳೆಯ ಮಾನದಂಡದಲ್ಲೂ ಪ್ರಸಾರ ಮುಂದುವರಿಸಬೇಕೆಂಬ ಷರತ್ತು ಹಾಕಿತು. ಹೊಸ ಪ್ರಸಾರದಲ್ಲಿ ಹಲವು ಕೇಂದ್ರಗಳು ಚಾನೆಲುಗಳನ್ನು ಗೂಢಲಿಪಿಯಿಂದ ಮುಚ್ಚುತ್ತಿವೆ. ಉಚಿತ ಪ್ರಸಾರವಾದರೂ ಅದನ್ನು ಬಿಡಿಸುವ ಅನುಮತಿ ಪಡೆದ ಯಂತ್ರವಷ್ಟೇ ತೋರಿಸಬಲ್ಲದು.

2025ರ ಫೆಬ್ರುವರಿಯಲ್ಲಿ ಪ್ರಸಾರಕರ ರಾಷ್ಟ್ರೀಯ ಸಂಘ ಎಫ್‌ಸಿಸಿಗೆ ಮನವಿ ಸಲ್ಲಿಸಿ, ದೇಶದ ಮೊದಲ 55 ದೊಡ್ಡ ಮಾರುಕಟ್ಟೆಗಳು 2028ರ ಫೆಬ್ರುವರಿಗೆ ಪೂರ್ತಿಯಾಗಿ ಹೊಸ ಮಾನದಂಡಕ್ಕೆ ಹೊರಳಬೇಕೆಂದು ಕೇಳಿತು. ವಾಷಿಂಗ್ಟನ್, ಅಟ್ಲಾಂಟಾ, ಶಾರ್ಲಟ್, ರಾಲಿ ನಾಲ್ಕೂ ಆ ಪಟ್ಟಿಯೊಳಗೆ ಬರುವ ಊರುಗಳು. ಗೂಢಲಿಪಿಯನ್ನು ತೆಗೆಯಿಸಿ ಎಂದು ಹವ್ಯಾಸಿಗಳು, ಬಳಕೆದಾರರು ಅದೇ ಆಯೋಗಕ್ಕೆ ಬರೆಯುತ್ತಿದ್ದಾರೆ. ಹಳೆಯ ಪ್ರಸಾರ ನಿಂತರೆ, 2005ರ ತೀರ್ಪಿನಿಂದ ಬದುಕುಳಿದ ಡಿಜಿಟಲ್ ಕಾರ್ಡುಗಳಿಗೆ ಹಿಡಿಯಲು ಏನೂ ಇರುವುದಿಲ್ಲ; ಬೀಗವೂ ಹಾಗೆಯೇ ಉಳಿದರೆ, ಅಂದು ನಿಯಮದಿಂದ ಆಗದೇ ಹೋದದ್ದು ಈ ಸಲ ಪ್ರಸಾರಕರ ಗೂಢಲಿಪಿಯಿಂದ ಆದಂತಾಗುತ್ತದೆ.