ಲಸಿಕೆ: ಗುಳ್ಳೆಯ ನೀರಿನಿಂದ ಪೋಲಿಯೋ ಹನಿಯವರೆಗೆ

ಲಸಿಕೆ (ನಾ.)

ಹುಣಸೂರು, ಪಿರಿಯಾಪಟ್ಟಣದ ಕಡೆ ಕಾಲುಬಾಯಿ ರೋಗ ಬರದಿರಲೆಂದು ದನಗಳಿಗೆ ಹಾಕಿಸುವುದೂ ಲಸಿಕೆ, ಕೂಸಿನ ಬಾಯಿಗೆ ಬಿಡುವ ಪೋಲಿಯೋ ಹನಿಯೂ ಲಸಿಕೆ. ಇದಕ್ಕೆ ‘ಚುಚ್ಚುಮದ್ದು’ ಎಂದು ಬರೆಯುವವರು ಎಡವುತ್ತಾರೆ. ಹನಿಗೆ ಸೂಜಿಯಿಲ್ಲ, ಜ್ವರಕ್ಕೆ ಕೊಡುವ ಇಂಜೆಕ್ಷನ್ ಲಸಿಕೆಯಲ್ಲ.

ಮೂಲ ಸಂಸ್ಕೃತದ ‘ಲಸೀಕಾ’. ಚರ್ಮದೊಳಗಿನ, ಹುಣ್ಣಿನಲ್ಲಿ ಒಸರುವ ನೀರಿನಂಥ ದ್ರವಕ್ಕೆ ಆಯುರ್ವೇದ ಕೊಟ್ಟ ಹೆಸರು. ಸಿಡುಬಿನ ಕಾಲದಲ್ಲಿ ಒಬ್ಬರ ತೋಳಿನ ಗುಳ್ಳೆಯ ನೀರನ್ನೇ ಇನ್ನೊಬ್ಬರ ತೋಳಿಗೆ ತಾಗಿಸುತ್ತಿದ್ದರು. ಹೆಸರು ಚೆನ್ನಾಗಿ ಒಪ್ಪಿತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೈಸೂರು ಅರಸಿಯರ ಚಿತ್ರ ಈ ಪದ್ಧತಿಯ ಪ್ರಚಾರಕ್ಕೇ ಇರಬೇಕೆಂಬುದು ಕೆಲವು ಇತಿಹಾಸಕಾರರ ಊಹೆ. ಹಿರಿಯರ ಬಾಯಲ್ಲಿ ಲಸಿಕೆ ಹಾಕಿಸುವುದೆಂದರೆ ‘ದಾಕು ಹಾಕಿಸೋದು’. ಮರಾಠಿಯಲ್ಲಿ ‘ಲಸ್’, ಹಿಂದಿಯಲ್ಲಿ ‘ಟೀಕಾ’. ಹಿಂದಿಯ ‘ಲಸೀಕಾ’ ಇವತ್ತಿಗೂ ದುಗ್ಧರಸವೇ (ಲಿಂಫ್). ‘ವ್ಯಾಕ್ಸಿನ್’ ಹುಟ್ಟಿದ್ದು ಲ್ಯಾಟಿನ್ನಿನ ಹಸುವಿನಿಂದ.

ಸೋಜಿಗವೆಂದರೆ, ಲಸಿಕೆ ಮೈಗೆ ಕಲಿಸುವ ರೋಗದ ನೆನಪನ್ನು ಹೊರುವವೂ ಆ ದುಗ್ಧರಸದಲ್ಲಿ ಓಡಾಡುವ ಕಣಗಳೇ. ಬಿಳಿ ರಕ್ತಕಣಗಳಲ್ಲಿ ಹೆಚ್ಚಿನವು ಕೆಲವೇ ದಿನ ಬದುಕುವಂಥವು. ಅವುಗಳಲ್ಲೇ ಸೇರಿದ ದುಗ್ಧಕಣಗಳ (ಲಿಂಫೋಸೈಟ್) ಕೆಲವು ಪೀಳಿಗೆಗಳು ಮಾತ್ರ ಗಟ್ಟಿ: ಸಿಡುಬಿನ ಲಸಿಕೆ ಪಡೆದವರಲ್ಲಿ 50 ವರ್ಷದ ಮೇಲೂ ನೆನಪಿನ ಕಣಗಳು ಸಿಕ್ಕಿವೆ. ಎಲ್ಲ ಲಸಿಕೆಗೂ ಆ ಭಾಗ್ಯವಿಲ್ಲ. ಧನುರ್ವಾಯುವಿನದನ್ನು 10 ವರ್ಷಕ್ಕೊಮ್ಮೆ, ಕಾಲುಬಾಯಿಯದನ್ನು 6 ತಿಂಗಳಿಗೊಮ್ಮೆ ಹಾಕಿಸಬೇಕು. ಎಚ್.ಡಿ. ಕೋಟೆ, ಕೆ.ಆರ್. ನಗರದ ರೈತರು ‘ಹೋದ ಸಲ ಹಾಕ್ಸಿದ್ವಲ್ಲ’ ಎಂದು ದನವನ್ನು ಕೊಟ್ಟಿಗೆಯಲ್ಲೇ ಕಟ್ಟಿಹಾಕದಿರಲಿ.