ಎದೆಗೆ ಹಚ್ಚಿಕೊಂಡ ಚಿಂತೆ: ಅಮರ್ಜಾ–ಭೀಮಾ ಸೀಮೆಯಿಂದ ಹೃದ್ರೋಗದ ಒಂದು ಚರಿತ್ರೆ

ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ನೇಮಕವಾಗಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕರ್ನಾಟಕದ ತಾಲ್ಲೂಕುಗಳನ್ನು 35 ಮಾನದಂಡಗಳಲ್ಲಿ ಅಳೆದ ಸಮಿತಿ, 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 21 ಕಲಬುರಗಿ ವಿಭಾಗದವು. ಅಮರ್ಜಾ–ಭೀಮಾ ಸೀಮೆಯ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ರಸ್ತೆ, ಶಾಲೆ, ನೀರಾವರಿ, ಆಸ್ಪತ್ರೆಯ ಹಾಸಿಗೆ ಎಲ್ಲವೂ ಲೆಕ್ಕಕ್ಕೆ ಬಂದವು. ಆದರೆ ಸಾಲ, ಬೆಳೆನಷ್ಟ, ನೆರೆ, ಗುಳೆ ಇವೆಲ್ಲ ಸೇರಿ ಮನುಷ್ಯನ ಎದೆಯೊಳಗೆ ಏನು ಮಾಡುತ್ತವೆ ಎಂಬ ಪ್ರಶ್ನೆ ಆ ಲೆಕ್ಕದ ಆಚೆಗೆ ಉಳಿಯಿತು. ಮನಸ್ಸಿನ ಒತ್ತಡಕ್ಕೂ ಹೃದಯಕ್ಕೂ ಇರುವ ನಂಟನ್ನು ವೈದ್ಯಶಾಸ್ತ್ರ ಹೇಗೆ ಕಂಡುಕೊಂಡಿತು, ನಡುವೆ ಎಲ್ಲಿ ದಾರಿ ತಪ್ಪಿತು, ಈ ಮೂರು ತಾಲ್ಲೂಕುಗಳಿಗೆ ಆ ತಿಳಿವಳಿಕೆಯಿಂದ ಆಗಬೇಕಾದದ್ದೇನು ಎಂಬುದು ಈ ಲೇಖನದ ವಿಷಯ.

ಈ ನಂಟಿನ ಅರಿವು ಹಳೆಯದು. ಚರಕಸಂಹಿತೆ ಹೃದ್ರೋಗದ ಕಾರಣಗಳನ್ನು ಹೇಳುವಾಗ ದೇಹಶ್ರಮ, ತೀಕ್ಷ್ಣ ಔಷಧಗಳ ಜೊತೆಗೇ ಚಿಂತೆ, ಭಯಗಳನ್ನೂ ಸೇರಿಸುತ್ತದೆ. ರಕ್ತ ಸಂಚಾರವನ್ನು ವಿವರಿಸಿದ ವಿಲಿಯಂ ಹಾರ್ವೆಯ 1628ರ ಗ್ರಂಥದಲ್ಲೂ ಮನಸ್ಸಿನ ಕ್ಷೋಭೆ ಹೃದಯವನ್ನು ತಟ್ಟುತ್ತದೆ ಎಂಬ ಮಾತು ಬರುತ್ತದೆ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್‌ನ ಪ್ರಸಂಗ ವೈದ್ಯಕೀಯ ಚರಿತ್ರೆಯಲ್ಲಿ ಹೆಸರಾದದ್ದು. ಎದೆನೋವಿನಿಂದ ನರಳುತ್ತಿದ್ದ ಆತ, ತನ್ನನ್ನು ಕೆಣಕುವ ಯಾವನೇ ಆದರೂ ತನ್ನ ಪ್ರಾಣ ತೆಗೆಯಬಲ್ಲ ಎಂಬರ್ಥದಲ್ಲಿ ಹೇಳುತ್ತಿದ್ದ. 1793ರ ಅಕ್ಟೋಬರ್ 16ರಂದು ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯೊಂದರಲ್ಲಿ ವಾಗ್ವಾದ ನಡೆದು, ಅಲ್ಲಿಯೇ ಕುಸಿದು ಸತ್ತ.

ಇಪ್ಪತ್ತನೆಯ ಶತಮಾನ ಈ ಅನುಭವವನ್ನು ಪ್ರಯೋಗಶಾಲೆಗೆ ಒಯ್ದಿತು. ಭಯ, ಸಿಟ್ಟು ಬಂದಾಗ ಅಡ್ರಿನಲಿನ್ ಸ್ರವಿಸಿ ದೇಹ ಹೋರಾಟಕ್ಕೋ ಓಟಕ್ಕೋ ಸಜ್ಜಾಗುವ ಬಗೆಯನ್ನು ವಾಲ್ಟರ್ ಕ್ಯಾನನ್ 1915ರಲ್ಲಿ ಪುಸ್ತಕವಾಗಿ ವಿವರಿಸಿದ. 1936ರಲ್ಲಿ ಹಾನ್ಸ್ ಸೆಲ್ಯೆ, ಹಾನಿ ಯಾವುದೇ ಇರಲಿ, ದೇಹ ಒಂದೇ ಬಗೆಯ ಸಾಮಾನ್ಯ ಪ್ರತಿಕ್ರಿಯೆ ತೋರುತ್ತದೆ ಎಂದು ಪ್ರಕಟಿಸಿದ; ಇಂದು ನಾವು ಆಡುವ 'ಒತ್ತಡ'ದ ಮಾತು ಅಲ್ಲಿಂದ ಬೆಳೆದದ್ದು. 1959ರಲ್ಲಿ ಅಮೆರಿಕದ ಫ್ರೀಡ್‌ಮನ್ ಮತ್ತು ರೋಸೆನ್‌ಮನ್ ಎಂಬ ಹೃದ್ರೋಗ ತಜ್ಞರು, ಸದಾ ಅವಸರದ, ಪೈಪೋಟಿಯ, ಬೇಗ ಸಿಟ್ಟಾಗುವ ಸ್ವಭಾವದವರಿಗೆ ಹೃದಯಾಘಾತ ಹೆಚ್ಚು ಎಂದರು. ಅದನ್ನು 'ಟೈಪ್ ಎ' ಸ್ವಭಾವ ಎಂದು ಕರೆದರು.

ಚರಿತ್ರೆ ಇಲ್ಲಿ ಅಡ್ಡದಾರಿ ಹಿಡಿಯಿತು. ಟೈಪ್ ಎ ಸಿದ್ಧಾಂತ ಜನಪ್ರಿಯವಾದಂತೆ ಹೃದ್ರೋಗ ದೊಡ್ಡ ಕಚೇರಿಗಳ ಧಾವಂತದ ಗಂಡಸರ ಕಾಯಿಲೆ ಎಂಬ ಚಿತ್ರ ಬೇರೂರಿತು. ಆ ಸಂಶೋಧನೆಗೂ ಸೆಲ್ಯೆಯ ಕೆಲಸಕ್ಕೂ ತಂಬಾಕು ಕಂಪನಿಗಳು ಹಣ ಒದಗಿಸಿದ್ದು ಮುಂದೆ ಆ ಕಂಪನಿಗಳ ದಾಖಲೆಗಳಿಂದಲೇ ಬಯಲಾಯಿತು. ತಪ್ಪನ್ನೆಲ್ಲ ಒತ್ತಡದ ಮೇಲೆ ಹೊರಿಸಿದರೆ ಸಿಗರೇಟು ನಿರಪರಾಧಿಯಾಗಿ ಕಾಣುತ್ತದೆಂಬುದು ಅವರ ಲೆಕ್ಕ. ಒತ್ತಡ ಹೃದಯಕ್ಕೆ ಕೆಡುಕು ಎನ್ನುವಾಗ, ಬೀಡಿ, ಗುಟ್ಕಾ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಹಿಂದೆ ಸರಿಸುವ ಹಕ್ಕು ಯಾರಿಗೂ ಇಲ್ಲ. ಚಿಂತೆಯಲ್ಲಿರುವವನು ಹೆಚ್ಚು ತಂಬಾಕು ಹಾಕುತ್ತಾನೆ, ಗುಳಿಗೆ ಮರೆಯುತ್ತಾನೆ, ನಿದ್ದೆಗೆಡುತ್ತಾನೆ. ಕಾರಣಗಳು ಒಂದರೊಳಗೊಂದು ಹೆಣೆದುಕೊಂಡಿವೆ.

ಸ್ವಭಾವವನ್ನು ಬಿಟ್ಟು ಬದುಕಿನ ಸ್ಥಿತಿಯನ್ನು ನೋಡಿದವರೇ ಈ ವಿದ್ಯೆಯನ್ನು ಸರಿದಾರಿಗೆ ತಂದರು. 1967ರಲ್ಲಿ ಆರಂಭವಾದ ಬ್ರಿಟನ್ನಿನ ವೈಟ್‌ಹಾಲ್ ಅಧ್ಯಯನ ಸರ್ಕಾರಿ ನೌಕರರನ್ನು ವರ್ಷಗಟ್ಟಲೆ ಗಮನಿಸಿತು. ಹೃದ್ರೋಗದಿಂದ ಹೆಚ್ಚು ಸತ್ತವರು ದೊಡ್ಡ ಅಧಿಕಾರಿಗಳೆಂದು ಎಲ್ಲರೂ ಎಣಿಸಿದ್ದರು. ಆದರೆ ಹೆಚ್ಚು ಸತ್ತವರು ಕೆಳದರ್ಜೆಯ ನೌಕರರು. ಕೆಲಸದ ಭಾರ ಹೆಚ್ಚಿ, ಅದರ ಮೇಲೆ ತನ್ನ ಹಿಡಿತ ಇಲ್ಲದಿರುವುದೇ ಘಾತುಕ ಎಂದು ರಾಬರ್ಟ್ ಕರಾಸೆಕ್ 1979ರಲ್ಲಿ ವಾದಿಸಿದ. ಅದೇ ವರ್ಷ ಲಿಸಾ ಬರ್ಕ್‌ಮನ್ ಮತ್ತು ಲಿಯೊನಾರ್ಡ್ ಸೈಮ್, ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯ ಜನರಲ್ಲಿ ಬಂಧುಬಳಗ, ಗೆಳೆತನ, ಸಂಘಗಳ ನಂಟು ಕಡಿಮೆ ಇದ್ದವರು ಬೇಗ ಸಾಯುತ್ತಾರೆಂದು ತೋರಿಸಿದರು. 2010ರಲ್ಲಿ ಜೂಲಿಯನ್ ಹಾಲ್ಟ್-ಲುನ್‌ಸ್ಟಾಡ್ ತಂಡ 148 ಅಧ್ಯಯನಗಳ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗ, ಗಟ್ಟಿ ಸಂಬಂಧಗಳಿದ್ದವರು ಬದುಕುಳಿಯುವ ಸಾಧ್ಯತೆ ಶೇ 50ರಷ್ಟು ಹೆಚ್ಚೆಂದು ಕಂಡಿತು.

ದುಃಖದ ಲೆಕ್ಕವೂ ಸಿಕ್ಕಿತು. ಹೆಂಡತಿಯನ್ನು ಕಳೆದುಕೊಂಡ 4,486 ಗಂಡಸರನ್ನು ಗಮನಿಸಿದ ಬ್ರಿಟನ್ನಿನ 1969ರ ಅಧ್ಯಯನದಲ್ಲಿ, ಮೊದಲ ಆರು ತಿಂಗಳಲ್ಲಿ ಸಾವಿನ ಪ್ರಮಾಣ ಶೇ 40ರಷ್ಟು ಏರಿತ್ತು. ಆ ಏರಿಕೆ ಹೆಚ್ಚಾಗಿ ಕಂಡದ್ದು ಹೃದಯಕ್ಕೆ ಸಂಬಂಧಿಸಿದ ಸಾವುಗಳಲ್ಲಿ. 2012ರ ಅಮೆರಿಕದ ಅಧ್ಯಯನವೊಂದು, ಆಪ್ತರು ತೀರಿಹೋದ ಮೊದಲ 24 ಗಂಟೆಗಳಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು 21 ಪಟ್ಟು ಎಂದಿತು. ಆಘಾತಕಾರಿ ಸುದ್ದಿಯಿಂದ ಹೃದಯದ ಎಡ ಕುಹರ ಬಲೂನಿನಂತೆ ಉಬ್ಬಿ ದುರ್ಬಲವಾಗುವ ಸ್ಥಿತಿಗೆ ಜಪಾನಿನ ವೈದ್ಯರು 1990ರಲ್ಲಿ 'ತಾಕೊತ್ಸುಬೊ' ಎಂದು ಹೆಸರಿಟ್ಟರು. ನಮ್ಮ ಕಡೆ 'ಎದಿ ಒಡೆದು ಸತ್ತ' ಎನ್ನುವುದನ್ನು ಯಾರೂ ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ.

ಒಳಗೆ ನಡೆಯುವುದು ಇಷ್ಟು: ಒತ್ತಡದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಏರುತ್ತವೆ, ರಕ್ತದೊತ್ತಡ ಏರುತ್ತದೆ, ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಅಂಟಂಟಾಗಿ ಹೆಪ್ಪುಗಟ್ಟಲು ಹವಣಿಸುತ್ತವೆ. 2017ರಲ್ಲಿ ಬಾಸ್ಟನ್ನಿನ ಅಹ್ಮದ್ ತವಕೋಲ್ ತಂಡ 293 ಜನರ ಸ್ಕ್ಯಾನ್ ಪರೀಕ್ಷಿಸಿತು. ಮೆದುಳಿನಲ್ಲಿ ಭಯವನ್ನು ನಿಭಾಯಿಸುವ ಅಮಿಗ್ಡಲ ಹೆಚ್ಚು ಚುರುಕಾಗಿದ್ದವರಲ್ಲಿ ಎಲುಬಿನ ಮಜ್ಜೆ ಕೆರಳಿ, ರಕ್ತನಾಳಗಳಲ್ಲಿ ಉರಿಯೂತ ಹೆಚ್ಚಿ, ಮುಂದೆ ಹೃದ್ರೋಗ ಕಾಣಿಸಿಕೊಳ್ಳುವುದು ಹೆಚ್ಚೆಂದು ತೋರಿಸಿತು.

ಭಾರತವನ್ನೂ ಒಳಗೊಂಡ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. 52 ದೇಶಗಳ ಸುಮಾರು 30,000 ಜನರನ್ನು ಒಳಗೊಂಡ ಅದು, ಮೊದಲ ಹೃದಯಾಘಾತದ ಹೊಣೆಯಲ್ಲಿ ಸುಮಾರು ಮೂರನೇ ಒಂದು ಪಾಲು ಮನೆ ಮತ್ತು ಕೆಲಸದ ಒತ್ತಡ, ಹಣದ ತಾಪತ್ರಯ, ಖಿನ್ನತೆ, ಬದುಕಿನ ಆಘಾತಗಳಂಥ ಮನೋಸಾಮಾಜಿಕ ಅಂಶಗಳದ್ದೆಂದು ಅಂದಾಜಿಸಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಬಂದ ಸರಾಸರಿ ವಯಸ್ಸು 53. ಉಳಿದ ದೇಶಗಳಲ್ಲಿ ಅದು ಸುಮಾರು 59.

ಇಂಟರ್‌ಹಾರ್ಟ್ ಕೇಳಿದ ಹಣದ ತಾಪತ್ರಯ, ಬೆಳೆ ಅಥವಾ ವ್ಯಾಪಾರದ ನಷ್ಟ, ಮನೆಯಲ್ಲಿನ ಸಾವು ಇವನ್ನು ಜೇವರ್ಗಿಯ ಒಬ್ಬ ಒಣಬೇಸಾಯದ ರೈತನ ಮುಂದಿಟ್ಟು ನೋಡಬೇಕು. ಈ ಸೀಮೆ ತೊಗರಿಯ ಕಣಜ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ಒಂದೇ ಬೆಳೆಯನ್ನು ನಂಬಿದವನಿಗೆ ಅದು ಕೈಕೊಟ್ಟರೆ ವರ್ಷವೇ ಹೋಯಿತು. 1997–98ರಲ್ಲಿ ಕಾಯಿಕೊರಕ ಹುಳು ತೊಗರಿಯನ್ನು ತಿಂದುಹಾಕಿದಾಗ ಬೀದರ್, ಕಲಬುರಗಿ ಭಾಗದ ರೈತರ ಆತ್ಮಹತ್ಯೆಗಳು ರಾಜ್ಯದ ಗಮನ ಸೆಳೆದವು. 2022ರಲ್ಲಿ ನೆಟೆ ರೋಗ ಬಂದು, ಕಾಯಿ ಕಟ್ಟುವ ಹೊತ್ತಿಗೆ ನಿಂತ ಗಿಡ ನಿಂತಲ್ಲೇ ಒಣಗಿತು. 2020ರ ಅಕ್ಟೋಬರಿನಲ್ಲೂ 2025ರ ಸೆಪ್ಟೆಂಬರಿನಲ್ಲೂ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳನ್ನು ಮುಳುಗಿಸಿತು. ಮಹಾರಾಷ್ಟ್ರದ ಜಲಾಶಯಗಳಿಂದ ಎಷ್ಟು ನೀರು ಬಿಡುತ್ತಾರೆ, ಯಾವಾಗ ಬಿಡುತ್ತಾರೆ ಎಂಬುದು ಇಲ್ಲಿನ ರೈತನ ಕೈಯಲ್ಲಿಲ್ಲ. ಮಳೆ, ಹುಳು, ದರ, ನದಿ ಯಾವುದರ ಮೇಲೂ ಹಿಡಿತವಿಲ್ಲದ, ಆದರೆ ಹೊಣೆಯೆಲ್ಲ ತನ್ನದೇ ಆಗಿರುವ ಈ ಬದುಕು ಕರಾಸೆಕ್ ಹೇಳಿದ ಸ್ಥಿತಿಗೆ ಯಾವ ಕಚೇರಿಗಿಂತಲೂ ಹತ್ತಿರದ್ದು.

ಆತ್ಮಹತ್ಯೆಯಾದರೆ ಸುದ್ದಿಯಾಗುತ್ತದೆ, ಪರಿಹಾರದ ಕಡತ ತೆರೆಯುತ್ತದೆ. ಅದೇ ಸಾಲ, ಅದೇ ನಷ್ಟವನ್ನು ಹತ್ತು ವರ್ಷ ಎದೆಗೆ ಹಚ್ಚಿಕೊಂಡು ಐವತ್ತರ ಆಸುಪಾಸಿನಲ್ಲಿ ಹೊಲದ ಬದುವಿನ ಮೇಲೆ ಕುಸಿದವನ ಸಾವು 'ಹಾರ್ಟ್ ಅಟ್ಯಾಕ್' ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋದ ಮಕ್ಕಳ ಹಿಂದೆ ಊರಲ್ಲಿ ಉಳಿದ ಮುದುಕರದ್ದು ಇನ್ನೊಂದು ಬಗೆಯ ಭಾರ.

ಹಾಗೆಂದು ಈ ಸೀಮೆ ಆಸರೆಯಿಲ್ಲದ್ದೇನಲ್ಲ. ಜೇವರ್ಗಿಯ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ದಾಸೋಹವನ್ನೇ ಬದುಕಾಗಿಸಿಕೊಂಡವರು. ಕಡಕೋಳ ಮಡಿವಾಳಪ್ಪನವರ ಪರಂಪರೆಯ ತತ್ವಪದಗಳನ್ನು ಇಂದಿಗೂ ಏಕತಾರಿ ಹಿಡಿದು ರಾತ್ರಿಯಿಡೀ ಹಾಡುವ ಭಜನಾ ಮೇಳಗಳಿವೆ. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೂ, ಭೀಮಾ–ಅಮರ್ಜಾ ಸಂಗಮದ ಗಾಣಗಾಪುರದ ದತ್ತ ಕ್ಷೇತ್ರಕ್ಕೂ ಮನಸ್ಸಿನ ಭಾರ ಹೊತ್ತವರು ಹುಡುಕಿಕೊಂಡು ಬರುತ್ತಾರೆ. ಸತ್ತ ಮನೆಗೆ ಓಣಿಯವರು ಬುತ್ತಿ ಒಯ್ಯುವ ರೂಢಿ ಬರ್ಕ್‌ಮನ್ ಅಳೆದ ಸಂಬಂಧಗಳ ಬಲದ್ದೇ ಒಂದು ರೂಪ.

ಆದರೆ ಈ ಆಸರೆಯನ್ನು ವೈಭವೀಕರಿಸಲಾರೆ. ಅದು ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ. ಜಾತಿಯ ಗೆರೆ ದಾಟದ ನೆರವು, ವಿಧವೆಯನ್ನು ಶುಭಕಾರ್ಯದಿಂದ ದೂರವಿಡುವ ಬಂಧುತ್ವ ಎರಡೂ ಇಲ್ಲಿವೆ. ಎಲ್ಲರ ಆರೈಕೆ ಮಾಡುವ ಹೆಂಗಸಿನ ಎದೆನೋವು 'ಗ್ಯಾಸ್' ಆಗಿ ಉಳಿಯುತ್ತದೆ. ಪರಸ್ಪರ ನೆರವಿಗೆಂದು ಕಟ್ಟಿದ ಗುಂಪು ಸಾಲ ವಸೂಲಿಯ ಸರಪಳಿಯಾದಾಗ, ಕಂತು ತಪ್ಪಿದವಳ ಬಾಗಿಲಿಗೆ ಮೊದಲು ಬರುವವರು ಪಕ್ಕದ ಮನೆಯವರೇ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಂಬಂಧವೇ ಒತ್ತಡವಾಗುವ ಈ ಬಗೆಯನ್ನು ಪಶ್ಚಿಮದ ಅಳತೆಗೋಲುಗಳು ಸಾಕಷ್ಟು ಹಿಡಿದಿಲ್ಲ.

ಆಸರೆ ಚಿಕಿತ್ಸೆಯ ಬದಲಿಯೂ ಅಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡೆನಿಸ್ ಜೇವಿಯರ್, ಪ್ರೇಮ್ ಪೈಸ್ ಮೊದಲಾದವರು 20,468 ರೋಗಿಗಳ ಮಾಹಿತಿ ಕಲೆಹಾಕಿ 2008ರಲ್ಲಿ ಪ್ರಕಟಿಸಿದ 'ಕ್ರಿಯೇಟ್' ವರದಿಯ ಪ್ರಕಾರ, ನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ತಗಲಿದ ಮಧ್ಯಮ ಅವಧಿ 360 ನಿಮಿಷ. ಮೂವತ್ತು ದಿನಗಳೊಳಗೆ ಸತ್ತವರು ಬಡವರಲ್ಲಿ ಶೇ 8.2, ಶ್ರೀಮಂತರಲ್ಲಿ ಶೇ 5.5. ಸಿಕ್ಕ ಚಿಕಿತ್ಸೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ಅಂತರವೇ ಇಲ್ಲವಾಯಿತು. ಬಡವನನ್ನು ಕೊಂದದ್ದು ಸಿಗದೆ ಹೋದ ಔಷಧ.

ಆ ಕೊರತೆ ಈಗ ಸ್ವಲ್ಪ ತುಂಬುತ್ತಿದೆ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನೆನಪಿಗೆ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಯಾಯಿತು. ಆದರೂ ಆಳಂದ, ಜೇವರ್ಗಿಯಿಂದ ಅಲ್ಲಿಗೆ ಸುಮಾರು 40 ಕಿ.ಮೀ., ಅಫಜಲಪುರದಿಂದ ಸುಮಾರು 60. ಹಾಗಾಗಿ 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಮುಖ್ಯ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಅದು.

ಜೀವ ಉಳಿದ ಮೇಲೆ ಮನಸ್ಸಿನ ಪಾಡೇನು? ಹೃದಯಾಘಾತದ ನಂತರ ಖಿನ್ನತೆಗೆ ಬಿದ್ದವರು ಬೇಗ ಸಾಯುತ್ತಾರೆಂದು ಕೆನಡಾದ ನ್ಯಾನ್ಸಿ ಫ್ರೇಜರ್-ಸ್ಮಿತ್ ತಂಡ 1993ರಲ್ಲೇ ತೋರಿಸಿತು. ಹಾಗೆಂದು ಖಿನ್ನತೆಗೆ ಚಿಕಿತ್ಸೆ ಕೊಟ್ಟರೆ ಸಾವು ತಪ್ಪುತ್ತದೆ ಎನ್ನುವುದು ಅವಸರದ ಮಾತು. 2,481 ರೋಗಿಗಳ 'ಎನ್ರಿಚ್ಡ್' ಸಮಾಲೋಚನೆ ಪ್ರಯೋಗದಲ್ಲಿ ಮನಸ್ಸು ಸ್ವಲ್ಪ ಹಗುರಾಯಿತು, ಒಂಟಿತನ ತಗ್ಗಿತು, ಸಾವಿನ ಪ್ರಮಾಣ ಇಳಿಯಲಿಲ್ಲ. ಭಾರತದ 24 ಕೇಂದ್ರಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಯೋಗ ಆಧಾರಿತ ಪುನಶ್ಚೇತನ ಪ್ರಯೋಗದಲ್ಲೂ ರೋಗಿಗಳ ಆರೋಗ್ಯದ ಅನುಭವ ಸುಧಾರಿಸಿತು, ಮರು ಆಘಾತ ಮತ್ತು ಸಾವುಗಳಲ್ಲಿ ಖಚಿತ ಇಳಿಕೆ ಕಾಣಲಿಲ್ಲ. ನನ್ನ ಮಟ್ಟಿಗೆ ಇದು ನಿರಾಶೆಯ ಸಂಗತಿಯಲ್ಲ. ನರಳಾಟ ತಗ್ಗುವುದೇ ವೈದ್ಯದ ಒಂದು ಗುರಿ. ಸಾಲದ ಮೂಲ ಹಾಗೇ ಉಳಿದಾಗ ಕೆಲವು ತಿಂಗಳ ಸಮಾಲೋಚನೆಯಿಂದ ಆಯುಸ್ಸು ಬೆಳೆಯಬೇಕೆಂದು ಕೇಳುವುದೂ ನ್ಯಾಯವಲ್ಲ.

ಮನೋಆರೋಗ್ಯವನ್ನು ಹಳ್ಳಿಗೆ ಒಯ್ಯುವುದು ಕರ್ನಾಟಕಕ್ಕೆ ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಇದೇ ಕಲಬುರಗಿ ವಿಭಾಗದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆ ಕೊಟ್ಟು ತೋರಿಸಿದ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ 'ಮನೋಚೈತನ್ಯ' ಚಿಕಿತ್ಸಾಲಯವನ್ನೂ ರಾಜ್ಯ ರೂಪಿಸಿತು. ಸೇಂಟ್ ಜಾನ್ಸ್ ಸಂಶೋಧಕರು ರಾಮನಗರ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆಗಳ ಜೊತೆಗೇ ಖಿನ್ನತೆಯನ್ನೂ ನೋಡಿಕೊಳ್ಳುವ ಪ್ರಯೋಗ ನಡೆಸಿದ್ದಾರೆ.

ಹಾಗಾಗಿ ಬೇಡಿಕೆ ಸರಳ. ಆಳಂದ, ಅಫಜಲಪುರ, ಜೇವರ್ಗಿ ಆಸ್ಪತ್ರೆಗಳಲ್ಲಿ ಹೃದಯಜ್ಯೋತಿಯಿಂದ ಬದುಕುಳಿದ ಪ್ರತಿಯೊಬ್ಬರ ಹೆಸರೂ ಮಂಗಳವಾರದ ಚಿಕಿತ್ಸಾಲಯದ ಪುಸ್ತಕಕ್ಕೆ ತಾನಾಗಿ ಸೇರಬೇಕು. ರಕ್ತದೊತ್ತಡ ನೋಡಲು ಮನೆಗೆ ಬರುವ ಆಶಾ ಕಾರ್ಯಕರ್ತೆ ನಿದ್ದೆ, ಸಾಲ, ಒಂಟಿತನಗಳ ಬಗ್ಗೆಯೂ ಕೇಳಬೇಕು, ಅದಕ್ಕೆ ಅವರಿಗೆ ತರಬೇತಿಯನ್ನೂ ಸಂಭಾವನೆಯನ್ನೂ ಕೊಡಬೇಕು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಕಲಬುರಗಿಯ ವೈದ್ಯಕೀಯ ಕಾಲೇಜುಗಳೂ ಕೂಡಿ ಈ ಮೂರು ತಾಲ್ಲೂಕುಗಳ ಕುಟುಂಬಗಳನ್ನು ಹತ್ತಿಪ್ಪತ್ತು ವರ್ಷ ಗಮನಿಸುವ ಅಧ್ಯಯನಕ್ಕೆ ಕೈಹಾಕಬೇಕು. ಮನಸ್ಸಿನ ಭಾರಕ್ಕೆ ಕನ್ನಡದಲ್ಲೇ ಮಾತಾಡಲು ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಎದೆ ಬಿಗಿದು, ಬೆವತು, ನೋವು ಎಡತೋಳಿಗೋ ದವಡೆಗೋ ಹರಿದರೆ ಗ್ಯಾಸಿನ ಗುಳಿಗೆ ನುಂಗಿ ಬೆಳಗಾಗಲೆಂದು ಕಾಯಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ, ಹೋಗುವಾಗ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.