ನಲ್ಲಿ ಬಂತು, ನೀರುಗಂಟಿ ಎಲ್ಲಿ?

"ನಲ್ಲಿ ಹಾಕಿ ಹೋಗಿದಾರೆ ಮಾರಾಯ, ನಾಲ್ಕು ದಿನದಿಂದ ನೀರು ಮಾತ್ರ ಇಲ್ಲ."

ಏಪ್ರಿಲ್‌ನಲ್ಲಿ ಅಮ್ಮನ ಫೋನು. ನಾನು ಬೆಂಗಳೂರಿನ ಆಫೀಸಲ್ಲಿ ಸರ್ವರ್ ಡೌನ್ ಆಗಿದೆ ಅಂತ ತಲೆ ಕೆಡಿಸಿಕೊಂಡು ಕೂತಿದ್ದೆ. ಊರಲ್ಲಿ ಬೋರ್‌ವೆಲ್ ಮೋಟರ್ ಸುಟ್ಟಿತ್ತು. ನಮ್ಮ ಸರ್ವರ್ ನೋಡೋಕೆ ರಾತ್ರಿ ಎರಡಕ್ಕೂ ಒಬ್ಬ ಎದ್ದಿರ್ತಾನೆ. ಆ ಮೋಟರಿಗೆ ಯಾರಿದ್ದಾರೆ?

ನಮ್ಮೂರು ಕುಪ್ಪಳ್ಳಿ ಕಡೆ. ಕವಿಶೈಲದಲ್ಲಿ ನೀವೂ ಫೋಟೋ ತೆಗೆಸಿಕೊಂಡಿರಬಹುದು. ಅದೇ ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುತ್ತೆ. ಆದರೂ ಬೇಸಿಗೆಯಲ್ಲಿ ಬಾವಿಯ ತಳ ಕಾಣುತ್ತೆ. ಇಳಿಜಾರು ನೆಲ, ಜಂಬಿಟ್ಟಿಗೆ ಮಣ್ಣು. ಬಿದ್ದ ನೀರು ಹಳ್ಳ ಹಿಡಿದು ತುಂಗೆ ಸೇರಿಬಿಡುತ್ತೆ. ಮಳೆ ಆಕಾಶದ್ದು, ನೀರು ಉಳಿಸಿಕೊಳ್ಳೋ ಕೆಲಸ ಊರಿನದು.

ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ನಮ್ಮದೇ ಜಿಲ್ಲೆಯ ತಾಳಗುಂದದಲ್ಲಿ 5ನೇ ಶತಮಾನದ ಸ್ತಂಭಶಾಸನವಿದೆ. ಕದಂಬರ ಕಾಕುಸ್ಥವರ್ಮ ದೇವಾಲಯಕ್ಕೆ ಕೆರೆ ಕಟ್ಟಿಸಿದ್ದನ್ನು ಅದು ಹೇಳುತ್ತೆ. ಕೆಳದಿಯ ಸದಾಶಿವ ನಾಯಕ ಕಟ್ಟಿಸಿದ ಸದಾಶಿವ ಸಾಗರದಿಂದಲೇ ಸಾಗರಕ್ಕೆ ಆ ಹೆಸರು. ಒಂದು ಕೆರೆ ಊರಿಗೇ ಹೆಸರಾಯ್ತು.

ಶಾಲೆಯಲ್ಲಿ ನಾವು ಕಟ್ಟಿಸಿದ ರಾಜರ ಹೆಸರು ಕಲಿತೆವು. ಆ ಕೆರೆಗಳನ್ನು ಉಳಿಸಿದ್ದು ಯಾರು ಅಂತ ಯಾರೂ ಹೇಳಿಕೊಡಲಿಲ್ಲ. ಕನ್ನಡ ಶಾಸನಗಳಲ್ಲಿ 'ಬಿತ್ತುವಟ್ಟ', 'ಕಟ್ಟುಕೊಡಗೆ' ಅನ್ನೋ ಪದಗಳು ಮತ್ತೆಮತ್ತೆ ಬರ್ತವೆ. ಕೆರೆ ಕಟ್ಟಿದವರಿಗೆ, ದುರಸ್ತಿ ಮಾಡಿ ನೋಡಿಕೊಳ್ಳುವವರಿಗೆ ಕೆರೆಯ ಕೆಳಗಿನ ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಟ್ಟುಕೊಡುತ್ತಿದ್ದ ಕ್ರಮವದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಮೇಂಟೆನೆನ್ಸ್ ಬಜೆಟ್ ಮೊದಲ ದಿನವೇ ಕಲ್ಲಿನಲ್ಲಿ ಕೊರೆದಿರುತ್ತಿತ್ತು. ಬಯಲುಸೀಮೆಯಲ್ಲಿ ತೂಬು ಎತ್ತಿ ಇಳಿಸಿ, ಗದ್ದೆಗದ್ದೆಗೆ ನೀರು ಹಂಚುವವನು ನೀರುಗಂಟಿ. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಅವನಿಗೆ ಧಾನ್ಯ. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು ಗಟ್ಟಿಯಿತ್ತು, ನೀರು ಎಲ್ಲರಿಗೂ ಸಮ ಇರಲಿಲ್ಲ. ಅದನ್ನು ಮರೆತು ಹಳೇ ಕಾಲ ಹೊಗಳೋದು ಬೇಡ. ಆದರೆ ಜವಾಬ್ದಾರಿ ಯಾರದು ಅನ್ನೋದು ಮಾತ್ರ ಸ್ಪಷ್ಟವಿತ್ತು.

1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ್‌ಗಳ ಕೈ ಸೇರಿತು. ಮುಂದೆ ಕೆರೆಗಳು ಇಲಾಖೆಯ ಕಡತಕ್ಕೆ ಹೋದವು. ಊರಿನವರು ಮಾಡುತ್ತಿದ್ದ ಕೆಲಸಕ್ಕೆ ಅರ್ಜಿ ಬರೆಯೋದು ಶುರುವಾಯ್ತು.

1983ರಲ್ಲಿ ಬಂದ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಚಿವರು. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಆದರು. ಜನ ಮರೆತಿರೋ ಅರ್ಧ ಬೇರೆ ಇದೆ: 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು ಅಧಿಕಾರ ಕೆಳಗಿಳಿದದ್ದರ ಹಿಂದೆಯೂ ಅವರೇ ಇದ್ದರು. ಬೋರ್‌ವೆಲ್ ಜೊತೆಗೆ ಅದನ್ನು ಕೇಳೋ ಹಕ್ಕೂ ಬೇಕು ಅನ್ನೋದು ಅವರಿಗೆ ಗೊತ್ತಿತ್ತು.

2019ರ ಜಲಜೀವನ್ ಮಿಷನ್ನಿನ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ಅದರ ಮಾರ್ಗಸೂಚಿಯಲ್ಲಿ ಪೈಪಿನ ಜೊತೆ ಊರಿನ ನೀರು ಮತ್ತು ನೈರ್ಮಲ್ಯ ಸಮಿತಿಯೂ ಇದೆ. ಕನಿಷ್ಠ ಅರ್ಧದಷ್ಟು ಹೆಂಗಸರಿರಬೇಕು; ನಿರ್ವಹಣೆ, ನೀರಿನ ಕರ ಎರಡೂ ಊರಲ್ಲೇ ತೀರ್ಮಾನ ಆಗಬೇಕು. ಪೈಪು ಕಣ್ಣಿಗೆ ಕಾಣುತ್ತೆ, ಸಮಿತಿ ಕಾಣಲ್ಲ. ನೀರು ನಿಂತರೆ ಮನೆಯ ಟಾಯ್ಲೆಟ್ಟೂ ಕಟ್ಟಿಗೆ ಒಟ್ಟೋ ಕೋಣೆ ಆಗುತ್ತೆ.

ಆವತ್ತು ನಾನು, "ಮೋಟರ್ ದುಡ್ಡು ನಾನೇ ಹಾಕ್ತೀನಿ" ಅಂದೆ. ಫೋನ್ ಚಿಕ್ಕಪ್ಪನ ಕೈಲಿತ್ತು. "ಈ ಸಲ ನೀನು ಹಾಕ್ತೀಯ. ಮುಂದಿನ ಸಲ ಸುಟ್ರೆ?"

ಉತ್ತರ ಇರಲಿಲ್ಲ. ಎಂಟು ದಿನ ಬಿಟ್ಟು ಊರಿನವರು ಅಮ್ಮನ ಜಗಲಿಯಲ್ಲಿ ಸೇರಿದರು. ಮನೆಗಿಷ್ಟು ಅಂತ ತಿಂಗಳ ದುಡ್ಡು, ನೀರು ಬಿಡೋ ಹುಡುಗನಿಗೆ ಸಂಬಳ, ಉಳಿದದ್ದು ಮೋಟರಿಗೆ. ಲೆಕ್ಕದ ಪುಸ್ತಕ ಅಮ್ಮನ ಹತ್ರ. ಪಂಚಾಯಿತಿಗಳಲ್ಲಿ ಇವತ್ತಿಗೂ ಆ ಕೆಲಸದ ಹೆಸರು ನೀರುಗಂಟಿ ಅಂತಲೇ. ಪದ ಉಳಿದಿದೆ, ಅವನ ಪಾಲು ಕೊಡೋದನ್ನು ನಾವು ಮತ್ತೆ ಕಲೀಬೇಕು.